‘ಆನ್‌ಲೈನ್’ ಎಂಬ ಮಾತು ಎಲ್ಲಿಯವರೆಗೆ ನಿಜ?

ಬ್ಯಾಂಕಿನ ಕೌಂಟರಿನಲ್ಲಿ ನಿಂತು ನಿಮ್ಮ ಖಾತೆಯಲ್ಲಿ ಎಷ್ಟು ಹಣವಿದೆ ಎಂದು ಕೇಳುತ್ತೀರಿ. ಗುಮಾಸ್ತರು ಕೀಲಿಮಣೆ ಒತ್ತುತ್ತಾರೆ, ಕ್ಷಣದಲ್ಲಿ ಉತ್ತರ ಬರುತ್ತದೆ. ಆ ಅಂಕಿ ಇರುವುದು ಅವರ ಮುಂದಿನ ಕಂಪ್ಯೂಟರಿನಲ್ಲಲ್ಲ. ಎಷ್ಟೋ ಬಾರಿ ದೂರದ ದತ್ತಾಂಶ ಕೇಂದ್ರದ ಸರ್ವರಿನ ಹೊಟ್ಟೆಯೊಳಗೂ ಅಲ್ಲ. ದೊಡ್ಡ ವ್ಯವಸ್ಥೆಗಳಲ್ಲಿ ಲೆಕ್ಕ ಮಾಡುವ ಸರ್ವರ್ ಒಂದು ಕಡೆ, ಮಾಹಿತಿಯನ್ನು ಕಾಪಾಡುವ ಡಿಸ್ಕುಗಳ ಭಂಡಾರ ಇನ್ನೊಂದು ಕಡೆ ಇರುತ್ತವೆ. ಇವೆರಡನ್ನೂ ಕೂಡಿಸುವ ಪ್ರತ್ಯೇಕ ಜಾಲವೇ ಸ್ಟೋರೇಜ್ ಏರಿಯಾ ನೆಟ್‌ವರ್ಕ್. ಚಿಕ್ಕದಾಗಿ ಸ್ಯಾನ್ ಎನ್ನುತ್ತಾರೆ; ನಾವು ಸಂಗ್ರಹ ಜಾಲ ಎನ್ನೋಣ.

ಸರ್ವರಿನಿಂದ ಈ ಜಾಲಕ್ಕೆ ತೆರೆಯುವ ಬಾಗಿಲೇ ಹೋಸ್ಟ್ ಬಸ್ ಅಡಾಪ್ಟರ್, ಅಂದರೆ ಎಚ್‌ಬಿಎ ಕಾರ್ಡು. ಕಾರ್ಡಿನ ಒಂದು ಬದಿ ಸರ್ವರಿನ ಪಿಸಿಐ ಸ್ಲಾಟಿನಲ್ಲಿ ಕೂತಿರುತ್ತದೆ. ಇನ್ನೊಂದು ಬದಿಯಿಂದ ದ್ಯುತಿತಂತು ಹೊರಟು ಸ್ವಿಚ್ಚನ್ನೂ ಅಲ್ಲಿಂದ ಡಿಸ್ಕು ಭಂಡಾರವನ್ನೂ ತಲುಪುತ್ತದೆ. ಫೈಬರ್ ಚಾನೆಲ್ ಎಂಬ ಪದ್ಧತಿಯ ಕಾರ್ಡುಗಳಿಗೆ ಮಾತ್ರ ಈ ಲೇಖನ ಸೀಮಿತ.

ಈ ಕಾರ್ಡು ಸರಿಯಾಗಿದೆಯೇ ಎಂದು ತಿಳಿಯಲು ಎಲ್ಲ ಕಾರ್ಯಾಚರಣ ವ್ಯವಸ್ಥೆಗಳಲ್ಲೂ ಕೀಲಿಮಣೆಯಿಂದ ಟೈಪು ಮಾಡುವ ಆದೇಶಗಳಿವೆ. ಇವುಗಳನ್ನು ಹೇಗೆ ಬಳಸಬೇಕೆಂದು ಹೇಳುವ ಕೈಪಿಡಿಗಳಿಗೆ ಕೊರತೆಯಿಲ್ಲ. ಆದರೆ ಈ ಆದೇಶಗಳು ಒಳ್ಳೆಯವೇ, ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಡುತ್ತವೆಯೇ, ತಮಗೆ ತಿಳಿಯದ್ದನ್ನು ತಿಳಿಯದು ಎಂದು ಹೇಳುತ್ತವೆಯೇ ಎಂದು ಪರೀಕ್ಷಿಸುವವರು ಕಡಿಮೆ. ಪುಸ್ತಕವನ್ನು, ನಾಟಕವನ್ನು ವಿಮರ್ಶಿಸುತ್ತೇವೆ. ರಾತ್ರಿ ಎರಡು ಗಂಟೆಗೆ ಒಬ್ಬ ತಂತ್ರಜ್ಞ ಯಾವುದರ ಮಾತನ್ನು ನಂಬಿ ನಿರ್ಧಾರ ತೆಗೆದುಕೊಳ್ಳುತ್ತಾನೋ ಆ ಆದೇಶವನ್ನೂ ವಿಮರ್ಶಿಸಬೇಡವೇ?

ಒಂದು ರಾತ್ರಿಯ ಪಾಠ

ಈ ಪ್ರಶ್ನೆ ನನಗೆ ಹೊಳೆದದ್ದು ಓದಿನಿಂದಲ್ಲ. ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ದತ್ತಸಂಚಯದ ಸರ್ವರಿಗೆ ಎರಡು ಎಚ್‌ಬಿಎ ಕಾರ್ಡುಗಳಿದ್ದವು. ಒಂದು ಮೊದಲ ಸ್ವಿಚ್ಚಿಗೆ, ಇನ್ನೊಂದು ಎರಡನೆಯ ಸ್ವಿಚ್ಚಿಗೆ. ಒಂದು ದಾರಿ ಮುಚ್ಚಿದರೂ ಇನ್ನೊಂದು ತೆರೆದಿರಲಿ ಎಂಬುದು ಉದ್ದೇಶ. ಮೊದಲ ಸ್ವಿಚ್ಚಿನ ತಂತ್ರಾಂಶವನ್ನು ಬದಲಿಸಲು ಅದನ್ನು ನಿಲ್ಲಿಸಬೇಕಾಗಿತ್ತು. ಅದಕ್ಕೆ ಮುನ್ನ ಎರಡೂ ಕಾರ್ಡುಗಳ ಸ್ಥಿತಿ ನೋಡಿದೆವು. ಪರದೆಯ ಮೇಲೆ ಎರಡು ಸಾಲು: ಆನ್‌ಲೈನ್, ಆನ್‌ಲೈನ್. ಸಮಾಧಾನದಿಂದ ಸ್ವಿಚ್ಚನ್ನು ನಿಲ್ಲಿಸಿದೆವು. ಸ್ವಲ್ಪ ಹೊತ್ತಿನಲ್ಲೇ ದತ್ತಸಂಚಯ ನಿಂತುಹೋಯಿತು.

ಎರಡನೆಯ ಕಾರ್ಡನ್ನು ಒಂದು ತಿಂಗಳ ಹಿಂದೆ ಬದಲಿಸಲಾಗಿತ್ತು. ಹೊಸ ಕಾರ್ಡಿಗೆ ಹೊಸ ಹೆಸರು. ಯಾವ ಸರ್ವರ್ ಯಾವ ಡಿಸ್ಕು ಭಂಡಾರವನ್ನು ಕಾಣಬಹುದು ಎಂದು ಸ್ವಿಚ್ಚಿನಲ್ಲಿ ಬರೆದಿಡುವ ಪಟ್ಟಿಯಲ್ಲಿ, ಅಂದರೆ ಜೋನಿಂಗ್‌ನಲ್ಲಿ, ಹಳೆಯ ಹೆಸರೇ ಉಳಿದಿತ್ತು. ಹೊಸ ಕಾರ್ಡು ಸ್ವಿಚ್ಚಿನವರೆಗೆ ಹೋಗಿ ನಿಂತಿತ್ತು, ಅದರಾಚೆ ಅದಕ್ಕೆ ಏನೂ ಕಾಣುತ್ತಿರಲಿಲ್ಲ. ಆನ್‌ಲೈನ್ ಎಂಬ ಮಾತು ಸುಳ್ಳಾಗಿರಲಿಲ್ಲ. ಸ್ವಿಚ್ಚಿನವರೆಗೆ ಅದು ನಿಜ. ನಾವು ಅದನ್ನು ಡಿಸ್ಕಿನವರೆಗೆ ನಿಜವೆಂದು ಓದಿದ್ದೆವು. ಮಾಹಿತಿ ನಷ್ಟವಾಗಲಿಲ್ಲ, ಆದರೆ ಮರುದಿನ ಬೆಳಿಗ್ಗೆ ಸಾಲಿನಲ್ಲಿ ನಿಂತವರು ಬಹಳ ಹೊತ್ತು ನಿಲ್ಲಬೇಕಾಯಿತು.

ಮನೆಯ ನಲ್ಲಿಯನ್ನು ನೆನೆಯಿರಿ. ನಲ್ಲಿಗೆ ಪೈಪು ಜೋಡಿಸಿದೆ ಎನ್ನುವುದು ಒಂದು ಸಂಗತಿ, ಅದರಲ್ಲಿ ನೀರು ಬರುತ್ತದೆ ಎನ್ನುವುದು ಇನ್ನೊಂದು. ಮೊದಲನೆಯದನ್ನು ಹೇಳಿ ಎರಡನೆಯದನ್ನು ಊಹಿಸಿಕೊಳ್ಳಲು ಬಿಡುವ ಆದೇಶದಲ್ಲಿ ಕೊರತೆಯಿದೆ. ಅಂದಿನಿಂದ ನಾನು ಇಂಥ ಆದೇಶಗಳನ್ನು ಮೂರು ಮಾನದಂಡಗಳಿಂದ ಅಳೆಯುತ್ತೇನೆ. ತಾನು ಯಾವ ವಸ್ತುವನ್ನು ನೋಡುತ್ತಿದ್ದೇನೆಂದು ಅದು ಸ್ಪಷ್ಟವಾಗಿ ಹೇಳುತ್ತದೆಯೇ? ತನ್ನ ನೋಟ ಎಲ್ಲಿಯವರೆಗೆ ಹೋಯಿತೆಂದು ತಿಳಿಸುತ್ತದೆಯೇ? ನೋಡುವುದನ್ನೂ ಮುಟ್ಟುವುದನ್ನೂ ಬೇರೆ ಬೇರೆಯಾಗಿ ಇಡುತ್ತದೆಯೇ?

ಹೆಸರು: ಹದಿನಾರು ಅಂಕಿಗಳ ಗೊಂದಲ

ಫೈಬರ್ ಚಾನೆಲ್ ಕಾರ್ಡಿನ ಪ್ರತಿ ಪೋರ್ಟಿಗೂ 64 ಬಿಟ್‌ಗಳ ಹೆಸರಿದೆ. ಇದು ವರ್ಲ್ಡ್ ವೈಡ್ ಪೋರ್ಟ್ ನೇಮ್. ಹದಿನಾರು ಮೂಲದ ಸಂಖ್ಯಾ ಪದ್ಧತಿಯಲ್ಲಿ ಇದನ್ನು ಹದಿನಾರು ಅಂಕಿಗಳಾಗಿ ಬರೆಯುತ್ತಾರೆ. ಇದರೊಳಗೆ ತಯಾರಕರ ಗುರುತೂ ಇದೆ. 10:00:00:00:ಸಿ9 ಎಂದು ಆರಂಭವಾದರೆ ಅದು ಎಮ್ಯುಲೆಕ್ಸ್ ಕಾರ್ಡು. 21:00:00:ಇ0:8ಬಿ ಎಂದಿದ್ದರೆ ಕ್ಯೂಲಾಜಿಕ್. ಎರಡರಲ್ಲೂ ಮೂರರಿಂದ ಐದನೆಯವರೆಗಿನ ಬೈಟುಗಳು ತಯಾರಕರಿಗೆ ಕೊಟ್ಟ ಸಂಕೇತ.

ಪೋರ್ಟಿನ ಹೆಸರಲ್ಲದೆ ಅಷ್ಟೇ ಉದ್ದದ ನೋಡ್ ಹೆಸರು ಎಂಬ ಇನ್ನೊಂದೂ ಇದೆ. ಜೋನಿಂಗ್ ಪಟ್ಟಿಗೆ ಸಾಮಾನ್ಯವಾಗಿ ಬೇಕಾದದ್ದು ಪೋರ್ಟಿನ ಹೆಸರು. ಹಳೆಯ ಕ್ಯೂಲಾಜಿಕ್ ಕಾರ್ಡುಗಳಲ್ಲಿ ನೋಡ್ ಹೆಸರು 20ರಿಂದಲೂ ಪೋರ್ಟ್ ಹೆಸರು 21ರಿಂದಲೂ ಆರಂಭ; ಉಳಿದ ಹದಿನಾಲ್ಕು ಅಂಕಿಗಳು ಒಂದೇ. ನಿದ್ದೆಗಣ್ಣಿನಲ್ಲಿ ಈ ಒಂದು ಅಂಕಿಯ ವ್ಯತ್ಯಾಸ ಕಾಣುವುದು ಕಷ್ಟ.

ಇಂಥ ಕಡೆ ಆದೇಶ ಬಳಸುವ ಪದ ಮುಖ್ಯವಾಗುತ್ತದೆ. ಐಬಿಎಂನ ಎಐಎಕ್ಸ್ ವ್ಯವಸ್ಥೆಯಲ್ಲಿ ಎಲ್‌ಎಸ್‌ಸಿಎಫ್‌ಜಿ ಎಂಬ ಆದೇಶಕ್ಕೆ ಕಾರ್ಡಿನ ಹೆಸರು ಕೊಟ್ಟು ವಿವರ ಕೇಳಿ. ಪೋರ್ಟಿನ ಹೆಸರು ಬರುತ್ತದೆ, ಆದರೆ ‘ನೆಟ್‌ವರ್ಕ್ ಅಡ್ರೆಸ್’ ಎಂಬ ಶೀರ್ಷಿಕೆಯಡಿ. ನೋಡ್ ಹೆಸರು ‘ಡಿವೈಸ್ ಸ್ಪೆಸಿಫಿಕ್ ಜೆಡ್8’ ಎಂಬ ಸಾಲಿನಲ್ಲಿ ಅಡಗಿರುತ್ತದೆ. ತಿಳಿದವರಿಗೆ ಇದು ತೊಂದರೆಯಲ್ಲ. ಹೊಸಬರಿಗೆ ಒಗಟು. ಅದೇ ವ್ಯವಸ್ಥೆಯ ಎಫ್‌ಸಿಸ್ಟ್ಯಾಟ್ ಆದೇಶ ಅದೇ ಅಂಕಿಗಳಿಗೆ ವರ್ಲ್ಡ್ ವೈಡ್ ಪೋರ್ಟ್ ನೇಮ್ ಎಂದೇ ಬರೆಯುತ್ತದೆ. ಒಂದೇ ಮನೆಯಲ್ಲಿ ಒಂದೇ ವಸ್ತುವಿಗೆ ಎರಡು ಹೆಸರು.

ಸೋಲಾರಿಸ್‌ನ ಎಫ್‌ಸಿಇನ್ಫೋ ಇಲ್ಲಿ ಮಾದರಿ. ಎಚ್‌ಬಿಎ ಪೋರ್ಟ್ ಎಂಬ ಉಪಾದೇಶ ಕೊಟ್ಟರೆ ಪೋರ್ಟಿನ ಹೆಸರು, ತಯಾರಕರು, ಮಾದರಿ, ಫರ್ಮ್‌ವೇರ್ ಆವೃತ್ತಿ, ಕ್ರಮಸಂಖ್ಯೆ, ಚಾಲಕ ತಂತ್ರಾಂಶ, ಸ್ಥಿತಿ, ವೇಗ, ನೋಡ್ ಹೆಸರು ಎಲ್ಲವೂ ತಮ್ಮ ತಮ್ಮ ನಿಜವಾದ ಹೆಸರಿನಲ್ಲಿ ಒಂದೇ ಪುಟದಲ್ಲಿ ಬರುತ್ತವೆ. ಪೋರ್ಟಿನ ಹೆಸರು ಎಲ್ಲಕ್ಕಿಂತ ಮೇಲೆ, ನೋಡ್ ಹೆಸರು ಕೊನೆಯಲ್ಲಿ. ಎರಡನ್ನೂ ಹೀಗೆ ದೂರ ಇಟ್ಟಿದ್ದರಿಂದ ಒಂದನ್ನು ಇನ್ನೊಂದೆಂದು ಭಾವಿಸುವ ಅಪಾಯ ಕಡಿಮೆ. ವಿಂಡೋಸ್ ಸರ್ವರ್ 2012ರಿಂದ ಪವರ್‌ಶೆಲ್‌ನಲ್ಲಿರುವ ಗೆಟ್-ಇನಿಶಿಯೇಟರ್‌ಪೋರ್ಟ್ ಆದೇಶ ನೋಡ್ ವಿಳಾಸ, ಪೋರ್ಟ್ ವಿಳಾಸ ಎಂದು ಎರಡು ಅಂಕಣ ಮಾಡಿ ತೋರಿಸುತ್ತದೆ. ಇದೂ ಸ್ಪಷ್ಟ, ಆದರೆ ಎರಡು ಅಂಕಣಗಳೂ ಅಕ್ಕಪಕ್ಕದಲ್ಲೇ.

ನೋಟದ ಅಳತೆ

2003ರ ಡಿಸೆಂಬರಿನಲ್ಲಿ ಹೊರಬಂದ ಲಿನಕ್ಸ್ 2.6 ಕರ್ನಲ್‌ನೊಂದಿಗೆ ಸಿಸ್‌ಎಫ್‌ಎಸ್ ಎಂಬ ಹೊಸ ಕಿಟಕಿ ತೆರೆಯಿತು. ಯಂತ್ರದ ಪ್ರತಿ ಭಾಗದ ಪ್ರತಿ ಗುಣವೂ ಇಲ್ಲಿ ಒಂದೊಂದು ಪುಟ್ಟ ಕಡತ. ಮುಂದೆ ಫೈಬರ್ ಚಾನೆಲ್ ಕಾರ್ಡುಗಳೂ ಇದರೊಳಗೆ ಬಂದವು. ಎಫ್‌ಸಿ-ಹೋಸ್ಟ್ ಎಂಬ ಕಡತಕೋಶವನ್ನು ಹೊಕ್ಕರೆ ಪ್ರತಿ ಪೋರ್ಟಿಗೂ ಒಂದು ಕೋಶ. ಅದರೊಳಗೆ ಪೋರ್ಟ್ ನೇಮ್, ಪೋರ್ಟ್ ಸ್ಟೇಟ್, ಸ್ಪೀಡ್ ಮುಂತಾದ ಕಡತಗಳು. ಕಾರ್ಡು ಯಾವ ಕಂಪನಿಯದ್ದಾದರೂ ಕಡತಗಳ ಹೆಸರು ಒಂದೇ. ಓದಲು ವಿಶೇಷ ತಂತ್ರಾಂಶ ಬೇಕಿಲ್ಲ; ಕಡತ ಓದುವ ಕ್ಯಾಟ್ ಎಂಬ ಸಾಮಾನ್ಯ ಆದೇಶ ಸಾಕು. ಎಲ್ಲವನ್ನೂ ಒಟ್ಟಿಗೆ ಓದಬೇಕೆಂದರೆ ಸಿಸ್‌ಟೂಲ್ ಇದೆ. ಈ ಸರಳತೆಯನ್ನು ಎಷ್ಟು ಹೊಗಳಿದರೂ ಸಾಲದು.

ಆದರೆ ನನ್ನ ರಾತ್ರಿಯ ಪಾಠ ಕಲಿಸಿದ್ದೂ ಇದೇ ಪೋರ್ಟ್ ಸ್ಟೇಟ್ ಕಡತ. ಅದು ಹೇಳುವುದು ಪೋರ್ಟಿನ ಸ್ಥಿತಿಯನ್ನು ಮಾತ್ರ. ಪೋರ್ಟಿನಾಚೆ ಯಾರು ಕಾಣುತ್ತಿದ್ದಾರೆ ಎಂಬುದು ಬೇರೊಂದು ಕಡತಕೋಶದಲ್ಲಿದೆ: ಎಫ್‌ಸಿ-ರಿಮೋಟ್-ಪೋರ್ಟ್ಸ್. ಅಲ್ಲಿ ಪ್ರತಿ ದೂರದ ಪೋರ್ಟಿನ ರೋಲ್ಸ್ ಕಡತವನ್ನು ಓದಿದರೆ ಡಿಸ್ಕು ಭಂಡಾರದ ಪೋರ್ಟಿಗೆ ಎಫ್‌ಸಿಪಿ ಟಾರ್ಗೆಟ್ ಎಂಬ ಉತ್ತರ ಸಿಗುತ್ತದೆ. ನಮ್ಮ ಎರಡನೆಯ ಕಾರ್ಡಿನ ಕೆಳಗೆ ಅಂಥ ಒಂದೂ ಇರಲಿಲ್ಲ. ಉತ್ತರ ಅಲ್ಲೇ ಇತ್ತು, ನಾವು ಪಕ್ಕದ ಕೋಣೆಗೆ ಹೋಗಲಿಲ್ಲ. ಅದರಾಚೆಗೂ ಒಂದು ಹೆಜ್ಜೆ ಇದೆ. ಮಲ್ಟಿಪಾತ್ ಆದೇಶಕ್ಕೆ ಎರಡು ‘ಎಲ್’ ಸೇರಿಸಿ ಕೇಳಿದರೆ ಪ್ರತಿ ಡಿಸ್ಕಿಗೂ ಎಷ್ಟು ದಾರಿಗಳು ಜೀವಂತವಾಗಿವೆ ಎಂದು ಪಟ್ಟಿ ಬರುತ್ತದೆ. ಎರಡು ದಾರಿ ಇರಬೇಕಾದಲ್ಲಿ ಒಂದೇ ಇದ್ದರೆ ಅಲ್ಲಿ ಕಾಣುತ್ತದೆ.

ಎಐಎಕ್ಸ್‌ನ ಎಲ್‌ಎಸ್‌ಡೆವ್ ಆದೇಶದ ‘ಅವೈಲಬಲ್’ ಎಂಬ ಪದ ಇನ್ನೂ ಮೋಸಗಾರ. ಕಾರ್ಡಿನ ಚಾಲಕ ತಂತ್ರಾಂಶ ಸಿದ್ಧವಾಗಿದೆ ಎಂಬುದಷ್ಟೇ ಅದರ ಅರ್ಥ. ಕೇಬಲ್ಲನ್ನೇ ಹಾಕದ ಕಾರ್ಡು ಕೂಡ ಅವೈಲಬಲ್ ಎಂದು ತೋರಬಹುದು. ಇದಕ್ಕೆ ಹೋಲಿಸಿದರೆ ವಿಎಂವೇರ್‌ನ ಇಎಸ್‌ಎಕ್ಸ್‌ಸಿಎಲ್‌ಐ ಪ್ರಾಮಾಣಿಕ. ಅಡಾಪ್ಟರುಗಳ ಪಟ್ಟಿ ಕೇಳಿದರೆ ಲಿಂಕ್ ಸ್ಥಿತಿಯ ಅಂಕಣದಲ್ಲಿ ಕೆಲವಕ್ಕೆ ‘ಲಿಂಕ್-ಅಪ್’ ಎಂದೂ ಕೆಲವಕ್ಕೆ ‘ಲಿಂಕ್-ಎನ್/ಎ’ ಎಂದೂ ಬರೆಯುತ್ತದೆ. ಈ ಕಾರ್ಡಿನ ಬಗ್ಗೆ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ ಎಂಬುದು ಎರಡನೆಯದರ ಅರ್ಥ. ಚಿಕ್ಕ ಪದ, ಆದರೆ ಒಳ್ಳೆಯ ಸಾಕ್ಷಿದಾರ ಹೀಗೆಯೇ ಮಾತಾಡಬೇಕು.

ನೋಟದ ಮಿತಿ ಕೇಬಲ್ಲಿನ ಕಡೆಗಷ್ಟೇ ಅಲ್ಲ, ಸ್ಲಾಟಿನ ಕಡೆಗೂ ಇದೆ. ಸ್ಪೀಡ್ ಕಡತ 16 ಗಿಗಾಬಿಟ್ ಎಂದರೆ ಅದು ದ್ಯುತಿತಂತುವಿನ ಬದಿಯ ವೇಗ. ಎರಡು ಪೋರ್ಟುಗಳ ಇಂಥ ಕಾರ್ಡು ಒಂದು ದಿಕ್ಕಿನಲ್ಲಿ ಸೆಕೆಂಡಿಗೆ 3,200 ಮೆಗಾಬೈಟ್ ಸಾಗಿಸಬಲ್ಲದು. ಅದನ್ನು ಎರಡನೆಯ ತಲೆಮಾರಿನ, ನಾಲ್ಕೇ ಪಥಗಳ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ ಕೂರಿಸಿದ್ದರೆ? ಪಥಕ್ಕೆ 500ರಂತೆ 2,000 ಮೆಗಾಬೈಟ್‌ಗೆ ಎಲ್ಲ ಮುಗಿಯಿತು. ಫೈಬರ್ ಚಾನೆಲ್‌ನ ಆದೇಶಗಳಿಗೆ ಇದು ಕಾಣುವುದಿಲ್ಲ. ಎಲ್‌ಎಸ್‌ಪಿಸಿಐ ಆದೇಶಕ್ಕೆ ಎರಡು ‘ವಿ’ ಸೇರಿಸಿದರೆ ಕಾರ್ಡಿನ ಸಾಮರ್ಥ್ಯ ಒಂದು ಸಾಲಿನಲ್ಲಿ, ಸದ್ಯ ಸಿಕ್ಕಿರುವ ಪಥಗಳು ಇನ್ನೊಂದು ಸಾಲಿನಲ್ಲಿ ಬರುತ್ತವೆ. ಹೊಸ ಆವೃತ್ತಿಗಳು ಸಾಮರ್ಥ್ಯಕ್ಕಿಂತ ಕಡಿಮೆ ಸಿಕ್ಕಿದ್ದರೆ ‘ಡೌನ್‌ಗ್ರೇಡೆಡ್’ ಎಂದು ಪಕ್ಕದಲ್ಲೇ ಬರೆಯುತ್ತವೆ. ಇರಬೇಕಾದದ್ದನ್ನೂ ಇರುವುದನ್ನೂ ಒಟ್ಟಿಗೆ ತೋರಿಸಿ ವ್ಯತ್ಯಾಸವನ್ನು ತಾನೇ ಹೇಳುವ ಈ ಗುಣವನ್ನು ಉಳಿದ ಆದೇಶಗಳು ಕಲಿಯಬೇಕು.

ಎಣಿಕೆಗಳು: ಮೀಟರಿನ ಓದು

ಸ್ಥಿತಿಗಿಂತ ಹೆಚ್ಚು ಹೇಳುವವು ಎಣಿಕೆಗಳು. ಲಿಂಕ್ ಎಷ್ಟು ಬಾರಿ ಮುರಿಯಿತು, ಬೆಳಕಿನ ಸಂಕೇತ ಎಷ್ಟು ಬಾರಿ ಕಾಣೆಯಾಯಿತು, ಕೆಟ್ಟ ಪದಗಳು ಎಷ್ಟು ಬಂದವು, ತಾಳೆ ನೋಡುವ ಮೊತ್ತ ಎಷ್ಟು ಬಾರಿ ತಪ್ಪಿತು ಎಂಬ ಲೆಕ್ಕ. ಲಿನಕ್ಸ್‌ನಲ್ಲಿ ಇವು ಸ್ಟ್ಯಾಟಿಸ್ಟಿಕ್ಸ್ ಎಂಬ ಉಪಕೋಶದಲ್ಲಿವೆ. ಸೋಲಾರಿಸ್‌ನಲ್ಲಿ ಎಫ್‌ಸಿಇನ್ಫೋಗೆ ‘ಎಲ್’ ಸೇರಿಸಿದರೆ ಸಿಗುತ್ತವೆ. ಎಐಎಕ್ಸ್‌ನಲ್ಲಿ ಎಫ್‌ಸಿಸ್ಟ್ಯಾಟ್.

ಮನೆಯ ವಿದ್ಯುತ್ ಮೀಟರಿನಲ್ಲಿ 4,812 ಎಂದಿದ್ದರೆ ಈ ತಿಂಗಳು ಎಷ್ಟು ಉರಿಸಿದಿರಿ ಎಂದು ಹೇಳಬಲ್ಲಿರಾ? ಹಿಂದಿನ ತಿಂಗಳ ಓದು ಬೇಕು. ಕಾರ್ಡಿನ ಎಣಿಕೆಯೂ ಹಾಗೆಯೇ. ಕೆಟ್ಟ ಪದಗಳ ಎಣಿಕೆ 500 ಎಂದಿದ್ದರೆ ಅದು ಈಗ ಹೆಚ್ಚುತ್ತಿರುವ ರೋಗವೋ, ಆರು ತಿಂಗಳ ಹಿಂದೆ ಯಾರೋ ಕೇಬಲ್ ಕಿತ್ತು ಹಾಕಿದಾಗಿನ ಗಾಯದ ಗುರುತೋ? ಒಂದೇ ಓದಿನಿಂದ ತಿಳಿಯದು. ಎಣಿಕೆಯನ್ನು ಸೊನ್ನೆ ಮಾಡಿ ಎಷ್ಟು ಸೆಕೆಂಡಾಯಿತು ಎಂದು ಎಫ್‌ಸಿಸ್ಟ್ಯಾಟ್ ಮೇಲ್ಭಾಗದಲ್ಲೇ ಹೇಳುತ್ತದೆ. ಲಿನಕ್ಸ್‌ನಲ್ಲೂ ಅದಕ್ಕೊಂದು ಕಡತವಿದೆ. ಆದರೆ ಹಿಂದಿನ ಓದನ್ನು ನೆನಪಿಟ್ಟು ವ್ಯತ್ಯಾಸ ಹೇಳುವ ಕೆಲಸ ಎರಡೂ ಕಡೆ ನಿಮ್ಮದೇ.

ಸೊನ್ನೆಯಲ್ಲದ ಎಣಿಕೆಯೆಲ್ಲ ರೋಗವೂ ಅಲ್ಲ. ಫೈಬರ್ ಚಾನೆಲ್ ಮಾನಕ ಲಕ್ಷ ಕೋಟಿ ಬಿಟ್‌ಗಳಿಗೆ ಒಂದು ತಪ್ಪನ್ನು ಸಹಿಸುತ್ತದೆ. 8 ಗಿಗಾಬಿಟ್ ಲಿಂಕಿನಲ್ಲಿ ತಂತುವಿನ ಮೇಲೆ ಸೆಕೆಂಡಿಗೆ 850 ಕೋಟಿ ಬಿಟ್‌ಗಳು ಹರಿಯುತ್ತವೆ. ಭಾಗಿಸಿ ನೋಡಿ: ಸುಮಾರು 118 ಸೆಕೆಂಡಿಗೆ ಒಂದು ತಪ್ಪು, ದಿನಕ್ಕೆ ಏಳುನೂರಕ್ಕೂ ಹೆಚ್ಚು. ಇದು ಗರಿಷ್ಠ ಮಿತಿ. ಆರೋಗ್ಯವಾಗಿರುವ ಲಿಂಕು ಇದಕ್ಕಿಂತ ಎಷ್ಟೋ ಚೆನ್ನಾಗಿರುತ್ತದೆ. ಆದರೂ ಎಣಿಕೆಯನ್ನು ಕಂಡ ಕೂಡಲೇ ಕಾರ್ಡನ್ನು ಕಿತ್ತೆಸೆಯುವ ಮೊದಲು ಈ ಭಾಗಾಕಾರ ಮಾಡುವುದು ಒಳ್ಳೆಯದು. ಇದಕ್ಕೆ ಬೇಕಾದ ವೇಗ, ಕಾಲ, ಎಣಿಕೆ ಮೂರೂ ಕಾರ್ಡಿನ ಬಳಿಯೇ ಇವೆ. ನಾನು ನೋಡಿದ ಯಾವ ಆದೇಶವೂ ಇದನ್ನು ಲೆಕ್ಕಹಾಕಿ ಹೇಳುವುದಿಲ್ಲ.

ಲಿನಕ್ಸ್‌ನ ಎಣಿಕೆಗಳಲ್ಲಿ ಇನ್ನೆರಡು ದೋಷಗಳಿವೆ. ಒಂದು, ಎಲ್ಲವೂ ಹದಿನಾರು ಮೂಲದ ಸಂಖ್ಯೆಗಳು. ಐನೂರು ಎನ್ನುವ ಬದಲು 0ಎಕ್ಸ್1ಎಫ್4 ಎನ್ನುತ್ತದೆ. ಮನುಷ್ಯರು ಓದುವ ಎಣಿಕೆಗೆ ಈ ವೇಷ ಏಕೆ? ಎರಡನೆಯದು ಗಂಭೀರ. ಕಾರ್ಡಿನ ಚಾಲಕ ತಂತ್ರಾಂಶ ಒಂದು ಎಣಿಕೆಯನ್ನು ಇಡದಿದ್ದರೆ ಅದರ ಬೆಲೆ ಋಣ ಒಂದು ಎಂಬುದು ಒಪ್ಪಂದ. ಆದರೆ ಪರದೆಯ ಮೇಲೆ ಅದು ಬರುವುದು ಹದಿನಾರು ‘ಎಫ್’ ಅಕ್ಷರಗಳ ಸಾಲಾಗಿ. ತಿಳಿಯದವರಿಗೆ ಇದು ಎಣಿಸಲಾಗದಷ್ಟು ತಪ್ಪುಗಳೆಂದು ಕಾಣುತ್ತದೆ. ‘ಗೊತ್ತಿಲ್ಲ’ ಎಂಬ ಉತ್ತರ ‘ಮಹಾ ಅನಾಹುತ’ ಎಂಬ ವೇಷದಲ್ಲಿ ಬರುತ್ತದೆ. ವಿಎಂವೇರ್‌ನ ಎನ್/ಎ ಎಂಬ ಎರಡಕ್ಷರದ ಬೆಲೆ ಈಗ ತಿಳಿಯಿತಲ್ಲವೇ?

ಎಫ್‌ಸಿಸ್ಟ್ಯಾಟ್‌ನ ಕೊನೆಯ ಸಾಲುಗಳನ್ನು ಮೆಚ್ಚಬೇಕು. ‘ನೋ ಕಮಾಂಡ್ ರಿಸೋರ್ಸ್ ಕೌಂಟ್’ ಎಂಬ ಎಣಿಕೆ ಏರುತ್ತಿದ್ದರೆ, ಕಾರ್ಡು ಒಮ್ಮೆಗೆ ಹಿಡಿದಿಡಬಲ್ಲ ಕೋರಿಕೆಗಳ ಸಂಖ್ಯೆ ಸಾಲದೆ ಕೆಲವು ಹೊರಗೆ ಕಾಯಬೇಕಾಯಿತು ಎಂದರ್ಥ. ಕಾರ್ಡಿನ ಒಂದು ನಿಗದಿತ ಬೆಲೆಯನ್ನು ಹೆಚ್ಚಿಸಿ ಇದನ್ನು ಸರಿಪಡಿಸಬಹುದು. ರೋಗವನ್ನು ಹೇಳುವ ಎಣಿಕೆಗಳು ಹಲವು, ಔಷಧಿಯ ದಾರಿ ತೋರುವವು ಇಂಥ ಕೆಲವೇ.

ನೋಡುವುದು, ಮುಟ್ಟುವುದು

ವೈದ್ಯರು ನಾಡಿ ಹಿಡಿದು ನೋಡುವುದಕ್ಕೂ ಕತ್ತಿ ಹಿಡಿಯುವುದಕ್ಕೂ ಬೇರೆ ಬೇರೆ ಕೊಠಡಿಗಳಿವೆ. ಈ ಆದೇಶಗಳ ಲೋಕದಲ್ಲಿ ಎಷ್ಟೋ ಕಡೆ ಎರಡೂ ಒಂದೇ ಮೇಜಿನ ಮೇಲೆ.

ಸೋಲಾರಿಸ್‌ನ ಹಳೆಯ ಲಕ್ಸ್‌ಆಡ್ಮ್ ಆದೇಶಕ್ಕೆ ‘ಇ’ ಸೇರಿಸಿ ‘ಪೋರ್ಟ್’ ಎಂದರೆ ಪೋರ್ಟುಗಳ ಸ್ಥಿತಿ ತೋರಿಸುತ್ತದೆ, ಇದು ನಿರಪಾಯ. ಅದೇ ‘ಇ’ ಸೇರಿಸಿ ‘ಫೋರ್ಸ್‌ಲಿಪ್’ ಎಂದರೆ ಲಿಂಕನ್ನು ಬಲವಂತವಾಗಿ ಮತ್ತೆ ಆರಂಭಿಸುತ್ತದೆ. ಆ ಕ್ಷಣ ಹರಿಯುತ್ತಿರುವ ಮಾಹಿತಿಗೆ ತಡೆ ಬೀಳುತ್ತದೆ. ಎಚ್‌ಪಿ-ಯುಎಕ್ಸ್‌ನ ಎಫ್‌ಸಿಎಂಎಸ್‌ಯುಟಿಲ್‌ಗೆ ಕಾರ್ಡಿನ ಕಡತ ಕೊಟ್ಟರೆ ವಿವರ ಬರುತ್ತದೆ; ಕೊನೆಗೆ ‘ಸ್ಟ್ಯಾಟ್’ ಎಂದು ಸೇರಿಸಿದರೆ ಎಣಿಕೆ; ‘ರೀಸೆಟ್’ ಎಂದು ಸೇರಿಸಿದರೆ ಕಾರ್ಡೇ ಮರುಚಾಲನೆ. ಇಎಸ್‌ಎಕ್ಸ್‌ಸಿಎಲ್‌ಐನಲ್ಲೂ ಫೈಬರ್ ಚಾನೆಲ್ ವಿಭಾಗದಲ್ಲಿ ‘ಲಿಸ್ಟ್’ ಮತ್ತು ‘ರೀಸೆಟ್’ ಅಕ್ಕಪಕ್ಕದ ಮನೆಯವು. ಅನುಭವಿಗಳು ಹಳೆಯ ಆದೇಶವನ್ನು ಮೇಲ್ಮುಖ ಬಾಣದ ಕೀಲಿಯಿಂದ ಮರಳಿ ತಂದು ಕೊನೆಯ ಪದವನ್ನಷ್ಟೇ ಬದಲಿಸುತ್ತಾರೆ. ಆ ಅಭ್ಯಾಸಕ್ಕೆ ಈ ವಿನ್ಯಾಸ ಅಪಾಯಕಾರಿ.

ಲಿನಕ್ಸ್‌ನಲ್ಲಿ ಇದೇ ಕೆಲಸ ಮಾಡುವ ಇಶ್ಯೂ-ಲಿಪ್ ಎಂಬ ಕಡತ ಪೋರ್ಟ್ ನೇಮ್, ಪೋರ್ಟ್ ಸ್ಟೇಟ್‌ಗಳ ಜೊತೆ ಅದೇ ಕೋಶದಲ್ಲಿದೆ. ಆದರೆ ಒಂದು ಕಾವಲಿದೆ. ಅದನ್ನು ಓದಲಾಗದು, ಬರೆಯಬಹುದು ಅಷ್ಟೇ; ಬರೆಯುವ ಹಕ್ಕು ರೂಟ್ ಬಳಕೆದಾರನಿಗೆ ಮಾತ್ರ. ಸಿಸ್‌ಟೂಲ್ ಅದರ ಮುಂದೆ ‘ಸ್ಟೋರ್ ಮೆಥಡ್ ಓನ್ಲಿ’ ಎಂದು ಬರೆದು ಮುಂದೆ ಹೋಗುತ್ತದೆ. ಸ್ಥಿತಿಯ ಕಡತಗಳನ್ನು ಸಾಮಾನ್ಯ ಬಳಕೆದಾರ ಕೂಡ ಓದಬಹುದು. ಅಂದರೆ ನೋಡುವವನಿಗೂ ಮುಟ್ಟುವವನಿಗೂ ನಡುವೆ ಗೋಡೆ ಕಟ್ಟಿದ್ದಾರೆ. ನಾವು ಮಾಡುವುದೇನು? ಎಲ್ಲಕ್ಕೂ ಮೊದಲು ರೂಟ್ ಆಗಿ ಒಳಹೊಕ್ಕು ಆ ಗೋಡೆಯನ್ನು ಕೆಡವಿಯೇ ಕೆಲಸ ಶುರು ಮಾಡುತ್ತೇವೆ. ಇಲ್ಲಿ ದೋಷ ಉಪಕರಣದ್ದಲ್ಲ. ಎಲ್‌ಎಸ್‌ಪಿಸಿಐ ಸ್ಲಾಟಿನ ಪಥಗಳನ್ನು ಸಾಮಾನ್ಯ ಬಳಕೆದಾರನಿಗೆ ತೋರಿಸುವುದಿಲ್ಲ, ನಿಜ. ಆದರೆ ಈಗಿನ ಕರ್ನಲ್‌ಗಳಲ್ಲಿ ಆ ವಿವರವೂ ಸಿಸ್‌ಎಫ್‌ಎಸ್‌ನ ಕಡತಗಳಲ್ಲಿದೆ, ಯಾರು ಬೇಕಾದರೂ ಓದಬಹುದು.

ಭಾಷೆಯಲ್ಲೇ ಈ ಭೇದವನ್ನು ತಂದದ್ದು ಪವರ್‌ಶೆಲ್. 2006ರಲ್ಲಿ ಹೊರಬಂದ ಇದರಲ್ಲಿ ಪ್ರತಿ ಆದೇಶವೂ ಒಂದು ಕ್ರಿಯಾಪದದಿಂದ ಆರಂಭ. ‘ಗೆಟ್’ ಎಂದರೆ ತಂದು ತೋರಿಸುವುದು, ‘ಸೆಟ್’ ಎಂದರೆ ಬದಲಿಸುವುದು. ಮೊದಲ ಪದ ಓದಿದೊಡನೆ ಕೈ ಎಲ್ಲಿ ಹೋಗುತ್ತಿದೆ ಎಂದು ತಿಳಿಯುತ್ತದೆ. ಇದು ಸಂಪ್ರದಾಯವೇ ಹೊರತು ಬೀಗವಲ್ಲ. ಆದರೂ ವ್ಯಾಕರಣ ಮಾಡಬಲ್ಲ ರಕ್ಷಣೆಯನ್ನು ಅದು ಮಾಡುತ್ತದೆ. ಅಪಾಯದ ಪದ ಸಾಲಿನ ಕೊನೆಯಲ್ಲಿರುವುದಕ್ಕೂ ಮೊದಲಲ್ಲೇ ಇರುವುದಕ್ಕೂ ಬಹಳ ಅಂತರವಿದೆ.

ಕಂಪನಿಯ ಉಪಕರಣ, ಸಾಮಾನ್ಯ ಕಿಟಕಿ

ಕಾರ್ಡು ತಯಾರಕರೂ ತಮ್ಮದೇ ಆದೇಶಗಳನ್ನು ಕೊಡುತ್ತಾರೆ. ಎಮ್ಯುಲೆಕ್ಸ್ ಕಾರ್ಡುಗಳಿಗೆ ಎಚ್‌ಬಿಎಸಿಎಂಡಿ, ಕ್ಯೂಲಾಜಿಕ್‌ಗೆ ಹಿಂದೆ ಎಸ್‌ಸಿಎಲ್‌ಐ, ಅನಂತರ ಕ್ಯೂಎಯುಸಿಎಲ್‌ಐ. ಸಾಮಾನ್ಯ ಕಿಟಕಿಯಲ್ಲಿ ಕಾಣದ್ದು ಇವುಗಳಿಗೆ ಕಾಣುತ್ತದೆ. ಮುಖ್ಯವಾಗಿ ಬೆಳಕನ್ನು ಕಳಿಸಿ ಪಡೆಯುವ ಪುಟ್ಟ ಘಟಕದ ಉಷ್ಣತೆ ಮತ್ತು ಬೆಳಕಿನ ಶಕ್ತಿ. ಬೆಳಕು ಕ್ಷೀಣಿಸುತ್ತಿರುವುದು ತಪ್ಪುಗಳ ಎಣಿಕೆ ಏರುವ ಮೊದಲೇ ತಿಳಿಯಬಹುದಾದ ಎಚ್ಚರಿಕೆ. ಇದೊಂದಕ್ಕಾಗಿಯೇ ಇವು ಬೇಕು.

ಆದರೆ ಇವುಗಳನ್ನೇ ನೆಚ್ಚಿದರೆ ಎರಡು ತೊಡಕು. ನೋಡುವ ಆದೇಶದ ಹೆಸರಿನಲ್ಲೇ ಫರ್ಮ್‌ವೇರ್ ಬದಲಿಸುವ, ಕಾರ್ಡನ್ನು ಮರುಚಾಲನೆ ಮಾಡುವ ಆದೇಶಗಳೂ ಇವೆ. ಇನ್ನೊಂದು, ಕಂಪನಿಗಳ ಜೊತೆ ಉಪಕರಣದ ಹೆಸರೂ ಬದಲಾಗುತ್ತದೆ. ಎಮ್ಯುಲೆಕ್ಸನ್ನು 2015ರಲ್ಲಿ ಅವಾಗೊ ಕೊಂಡಿತು; ಅವಾಗೊ 2016ರಲ್ಲಿ ಬ್ರಾಡ್‌ಕಾಮ್ ಎಂಬ ಹೆಸರು ತಳೆಯಿತು. ಕ್ಯೂಲಾಜಿಕ್ 2016ರಲ್ಲಿ ಕೇವಿಯಂಗೆ, ಕೇವಿಯಂ 2018ರಲ್ಲಿ ಮಾರ್ವೆಲ್‌ಗೆ ಸೇರಿತು. ಉಪಕರಣಗಳಲ್ಲೂ ಎಚ್‌ಬಿಎನಿವೇರ್ ಹೋಗಿ ಒನ್‌ಕಮಾಂಡ್ ಬಂದಿತು, ಸ್ಯಾನ್‌ಸರ್ಫರ್ ಹೋಗಿ ಕ್ಯೂಕನ್ವರ್ಜ್‌ಕನ್ಸೋಲ್ ಬಂದಿತು. ಹತ್ತು ವರ್ಷದ ಹಿಂದಿನ ಟಿಪ್ಪಣಿ ಪುಸ್ತಕ ಇಂದು ಉಪಯೋಗಕ್ಕೆ ಬರದು. ಸಿಸ್‌ಎಫ್‌ಎಸ್‌ನ ಪೋರ್ಟ್ ಸ್ಟೇಟ್ ಕಡತ ಮಾತ್ರ ಈ ಎಲ್ಲ ಮಾರಾಟಗಳ ನಡುವೆ ಇದ್ದಲ್ಲೇ ಇದೆ.

ತೀರ್ಪು

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪ ಏಳಬಹುದು. ತಪ್ಪು ಓದಿದ್ದು ನೀವು, ಆದೇಶವನ್ನು ದೂರುವುದೇಕೆ? ಪೋರ್ಟ್ ಸ್ಟೇಟ್ ಎಂದರೆ ಪೋರ್ಟಿನ ಸ್ಥಿತಿ ಎಂದು ಹೆಸರೇ ಹೇಳುತ್ತಿರಲಿಲ್ಲವೇ? ಈ ಮಾತಿನಲ್ಲಿ ಸತ್ಯವಿದೆ. ಆ ರಾತ್ರಿಯ ಹೊಣೆಯನ್ನು ನಾನು ಉಪಕರಣದ ತಲೆಗೆ ಕಟ್ಟುತ್ತಿಲ್ಲ. ಆದರೆ ಉಪಕರಣಗಳನ್ನು ಮಾಡುವುದು ಎಚ್ಚರವಾಗಿರುವ, ಬಿಡುವಾಗಿರುವ, ಎಲ್ಲ ತಿಳಿದಿರುವ ಮನುಷ್ಯನಿಗಾಗಿ ಅಲ್ಲ. ಆಯಾಸಗೊಂಡವನೂ ತಪ್ಪಾಗಿ ಓದಲಾಗದಂತೆ ಮಾತಾಡುವುದೇ ಒಳ್ಳೆಯ ಉಪಕರಣದ ಲಕ್ಷಣ.

ನನ್ನ ಮೂರು ಮಾನದಂಡಗಳಲ್ಲಿ ಹೆಸರಿಡುವುದರಲ್ಲಿ ಎಫ್‌ಸಿಇನ್ಫೋಗೆ, ಮುಟ್ಟದೆ ನೋಡುವುದರಲ್ಲಿ ಪವರ್‌ಶೆಲ್‌ನ ವ್ಯಾಕರಣಕ್ಕೆ ಮೊದಲ ಸ್ಥಾನ ಕೊಡುತ್ತೇನೆ. ನೋಟದ ಮಿತಿಯನ್ನು ಒಪ್ಪಿಕೊಳ್ಳುವುದರಲ್ಲಿ ಯಾವುದಕ್ಕೂ ಪೂರ್ಣ ಅಂಕವಿಲ್ಲ. ಇಎಸ್‌ಎಕ್ಸ್‌ಸಿಎಲ್‌ಐ ಅರ್ಧ ದಾರಿ ಬಂದಿದೆ. ಒಟ್ಟಿನಲ್ಲಿ ಲಿನಕ್ಸ್‌ನ ಕಿಟಕಿಯೇ ಹೆಚ್ಚು ಉಪಯುಕ್ತ, ಏಕೆಂದರೆ ಅದರ ಕೊರತೆಗಳನ್ನು ನಾವೇ ತುಂಬಬಹುದು. ಹತ್ತು ಸಾಲಿನ ಒಂದು ಚಿಕ್ಕ ಕಡತದಲ್ಲಿ ಪೋರ್ಟಿನ ಸ್ಥಿತಿ, ಅದರಾಚೆ ಕಾಣುವ ಟಾರ್ಗೆಟ್‌ಗಳ ಸಂಖ್ಯೆ, ಪ್ರತಿ ಡಿಸ್ಕಿಗಿರುವ ದಾರಿಗಳು, ನಿನ್ನೆಗೂ ಇಂದಿಗೂ ಎಣಿಕೆಗಳ ವ್ಯತ್ಯಾಸ, ಇಷ್ಟನ್ನು ಒಟ್ಟಿಗೆ ತೋರಿಸುವಂತೆ ನೀವೇ ಬರೆದುಕೊಳ್ಳಬಹುದು. ನಾವು ಆ ಘಟನೆಯ ಮರುವಾರ ಬರೆದುಕೊಂಡದ್ದು ಇದನ್ನೇ.

ನಿಮ್ಮ ಸುಪರ್ದಿಯಲ್ಲೂ ಇಂಥ ಸರ್ವರ್ ಇದ್ದರೆ, ಯಾವುದೇ ಸ್ವಿಚ್ಚನ್ನು ನಿಲ್ಲಿಸುವ ಮುನ್ನ ಸಾಮಾನ್ಯ ಬಳಕೆದಾರರಾಗಿ ಒಳಹೋಗಿ ಮೊದಲು ಪೋರ್ಟನ್ನೂ ಆಮೇಲೆ ಟಾರ್ಗೆಟ್ಟನ್ನೂ ನೋಡಿ. ರೂಟ್ ಹಕ್ಕು ಬೇಕಾಗುವ ದಾರಿಗಳ ಪಟ್ಟಿಯನ್ನು ಕೊನೆಗೆ, ಅದೊಂದಕ್ಕೆ ಮಾತ್ರ ಆ ಹಕ್ಕು ಪಡೆದು ಓದಿ. ಮೂರೂ ಒಂದೇ ಮಾತು ಹೇಳಿದರೆ ಮುಂದುವರಿಯಿರಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ದ್ಯುತಿತಂತುವಿನ ಕಾಲಕ್ಕೂ ಹಳತಾಗಿಲ್ಲ.